ಕರಗೋ ಚಿತ್ರದ ಲೆಕ್ಕ

ಇವತ್ತು ಡಿಸಾಲ್ವ್ (ವಿಡಿಯೋದಲ್ಲಿ ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡೋದು) ಕೋಡಿನಿಂದ ಒಂದು ಗುಣಾಕಾರ ತೆಗೆದೆ. ಒಂದೇ ಒಂದು.

ಮುಂಚೆ ಹಳೇ ಚಿತ್ರಕ್ಕೊಂದು ಗುಣಾಕಾರ, ಹೊಸದಕ್ಕೊಂದು, ಆಮೇಲೆ ಕೂಡೋದು. ಈಗ ಎರಡರ ವ್ಯತ್ಯಾಸವನ್ನ ಮಾತ್ರ ಗುಣಿಸಿ ಹಳೇದಕ್ಕೆ ಸೇರಿಸೋದು. ಉತ್ತರ ಅದೇ.

ಅದೇನು ಮಹಾ ಅನ್ನಬೇಡಿ. 1920×1080 ಫ್ರೇಮಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, ಒಂದೊಂದಕ್ಕೂ ಮೂರು ಬಣ್ಣ. ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಉಳಿಯೋ ಗುಣಾಕಾರ 18 ಕೋಟಿ ದಾಟುತ್ತೆ!

ದಶಮಾಂಶವೂ ಬೇಡ. ಹೊಸ ಚಿತ್ರ ಎಷ್ಟು ಬೆರೆಯಬೇಕು ಅನ್ನೋ ಪ್ರಮಾಣವನ್ನ 0ಯಿಂದ 256 ಅಂತ ಇಟ್ಕೊಂಡ್ರೆ 256ರಿಂದ ಭಾಗಿಸೋ ಬದಲು ಎಂಟು ಬಿಟ್ (ಬೈನರಿ ಅಂಕಿ) ಬಲಕ್ಕೆ ಸರಿಸಿದರೆ ಸಾಕು. 256, ನೆನಪಿರಲಿ. 255ಕ್ಕೇ ನಿಲ್ಲಿಸಿದ್ರೆ ಕಪ್ಪಿನಿಂದ ಬಿಳಿಗೆ ಹೋಗೋ ಚಿತ್ರ ಕೊನೇ ಫ್ರೇಮಲ್ಲೂ ಪೂರ್ತಿ ಬಿಳಿ (ಅಂದ್ರೆ 255) ಆಗಲ್ಲ, 254ಕ್ಕೇ ನಿಂತುಬಿಡುತ್ತೆ. ಯಾರಿಗೂ ಕಾಣಲ್ಲ, ನನಗೆ ಮಾತ್ರ ಕಿರಿಕಿರಿ.

ಈ ಕೆಲಸಾನೇ ಹಾಗೆ. ಡಿಸಾಲ್ವ್ ಚೆನ್ನಾಗಿದೆ ಅಂತ ಯಾರೂ ಹೇಳಲ್ಲ. ತಡವರಿಸಿದರೆ ಮಾತ್ರ ಎಲ್ಲರ ಕಣ್ಣೂ ಅಲ್ಲೇ.

ಗ್ಯಾಮಾ ಇನ್ನೂ ಬಾಕಿ ಇದೆ, ಅಂದ್ರೆ ಪಿಕ್ಸೆಲ್‌ನ ಸಂಖ್ಯೆಗೂ ಪರದೆಯ ಬೆಳಕಿಗೂ ನೇರ ಅನುಪಾತ ಇಲ್ಲದಿರೋದು. ಅದನ್ನ ಲೆಕ್ಕಕ್ಕೆ ತಗೊಳ್ಳದೆ ಬೆರೆಸಿದ್ರೆ ನಡುವಿನ ಫ್ರೇಮುಗಳು ಒಂಚೂರು ಮಂಕು. ತಗೊಂಡ್ರೆ ಪ್ರತಿ ಪಿಕ್ಸೆಲ್‌ಗೂ ಟೇಬಲ್ (ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ) ನೋಡಬೇಕು, ಇವತ್ತು ಉಳಿಸಿದ ವೇಗ ಅಲ್ಲೇ ಖರ್ಚು. ಸದ್ಯಕ್ಕೆ ಮಂಕೇ ಇರಲಿ ಬಿಡಿ.