ಮೀನೆಣ್ಣೆ ಕುಡಿದ ಪಂಪ್‌ಸೆಟ್

ಕಾಸರಗೋಡಿನ ಕುಂಬಳೆ ಹತ್ತಿರ ನನ್ನದು ಡೀಸೆಲ್ ಎಂಜಿನ್ ರಿಪೇರಿ ಅಂಗಡಿ. ಎಂಜಿನ್ನಿಗೆ ಡೀಸೆಲ್ ತಳ್ಳುವ ಇಂಧನ ಪಂಪು, ಅದನ್ನು ಒಳಗೆ ಸಿಂಪಡಿಸುವ ನಾಝಲ್, ಇವುಗಳ ಕೆಲಸವೇ ಜಾಸ್ತಿ. ಕೆಲವು ವರ್ಷದ ಹಿಂದೆ ಪರಿಚಯದ ಅಡಿಕೆ ತೋಟದವರೊಬ್ಬರು ಬಂದರು. ಕಡಲ ಬದಿಯ ಕಡಪ್ಪುರದ ಸ್ನೇಹಿತ ದೋಣಿಗೆ ಬಳಿಯಲು ತಂದ ಮೀನೆಣ್ಣೆ ಎರಡು ಕ್ಯಾನ್ ಮಿಕ್ಕಿತ್ತಂತೆ. "ತೋಟದ ಪಂಪ್‌ಸೆಟ್ಟಿಗೆ ಡೀಸೆಲ್ ಬದಲು ಹಾಕಿದರೆ ಆಗ್ತದಾ ಮಾರಾಯ್ರೆ?"

ಆಗ್ತದೆ ಅಂದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು ಅಂತ ಕತೆ ಬೇರೆ ಹೇಳಿದೆ. ಅವರದ್ದು 5 ಎಚ್‌ಪಿಯ ಹಳೇ ಎಂಜಿನ್. ಅರ್ಧ ಡೀಸೆಲ್, ಅರ್ಧ ಮೀನೆಣ್ಣೆ ಬೆರೆಸಿ ನಾನೇ ನಿಂತು ಸ್ಟಾರ್ಟ್ ಮಾಡಿಸಿದೆ. ಸದ್ದು ಸರಿ ಇತ್ತು, ಹೊಗೆಯೂ ಜಾಸ್ತಿ ಇರಲಿಲ್ಲ. ಬೂತಾಯಿ ಮೀನು ಹುರಿದ ವಾಸನೆ ಮಾತ್ರ ಇಡೀ ತೋಟಕ್ಕೆ ಹಬ್ಬಿತ್ತು!

ಇಡೀ ಬೇಸಿಗೆ ಓಡಿತು. ಮಳೆ ಬಂತು, ಪಂಪ್ ನಿಂತಿತು. ಮತ್ತೆ ನೀರು ಬಿಡುವ ಕಾಲಕ್ಕೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ನಾಝಲ್‌ಗೆ ಒಂದು ಹನಿ ಬರಲಿಲ್ಲ. ಬಿಚ್ಚಿ ನೋಡಿದರೆ ಇಂಧನ ಪಂಪಿನಲ್ಲಿ ಡೀಸೆಲ್ ತಳ್ಳುವ ಸಣ್ಣ ದಂಡ, ಅಂದರೆ ಪ್ಲಂಜರ್, ಅದು ಓಡಾಡುವ ಕೊಳವೆಗೆ (ಬ್ಯಾರಲ್) ಅಂಟಿ ಕೂತಿದೆ. ಫಿಲ್ಟರ್ ಮೇಲೆ ವಾರ್ನಿಶ್ ಹಾಗೆ ಕಂದು ಪದರ. ನಾಝಲ್ ತುದಿಯಲ್ಲಿ ಮಸಿ ಗಟ್ಟಿಯಾಗಿತ್ತು.

ಆಗ ತಲೆಗೆ ಹೊಳೆಯಿತು. ಮೀನೆಣ್ಣೆಯನ್ನು ದೋಣಿಗೆ ಬಳಿಯುವುದು ಯಾಕೆ? ಗಾಳಿ ತಾಗಿ ಒಣಗಿ, ಮರದ ಮೇಲೆ ಪದರ ಕಟ್ಟುತ್ತದೆ ಅಂತ ತಾನೇ? ಅದೇ ಕೆಲಸವನ್ನು ಅದು ಇಂಧನ ಪಂಪಿನೊಳಗೂ ಮಾಡಿತ್ತು. ಚಿಕ್ಕಂದಿನಿಂದ ನೋಡಿದ ಸಂಗತಿ, ನನಗೇ ನೆನಪಾಗಲಿಲ್ಲ. ನಾನು ನೋಡಿದ್ದು ಉರಿಯುತ್ತದಾ ಅಂತ. ನಿಂತ ಮೇಲೆ ಏನಾಗುತ್ತದೆ ಅಂತ ನೋಡಬೇಕಿತ್ತು.

ಈಗ ಯಾರಾದರೂ ಹಸಿ ಎಣ್ಣೆ, ಅಂದರೆ ಸಂಸ್ಕರಿಸದೆ ಇದ್ದ ಹಾಗೇ ಇರುವ ಎಣ್ಣೆ, ಹಾಕಲೇಬೇಕು ಅಂದರೆ ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ನಲ್ಲಿ ಓಡಿಸಿ ಅನ್ನುತ್ತೇನೆ. ಆದರೂ ಹಸಿ ಎಣ್ಣೆ ಡೀಸೆಲ್‌ಗಿಂತ ಎಷ್ಟೋ ಪಟ್ಟು ಮಂದ, ನಾಝಲ್‌ನಲ್ಲಿ ಸಣ್ಣ ಹನಿಯಾಗಿ ಒಡೆಯುವುದಿಲ್ಲ. ದನದ ಕೊಬ್ಬಾದರೆ ಟ್ಯಾಂಕಿನಲ್ಲೇ ತುಪ್ಪದ ಹಾಗೆ ಗಟ್ಟಿಯಾಗುತ್ತದೆ.

ಸರಿಯಾದ ದಾರಿ ಎಣ್ಣೆಯನ್ನು ಬಯೋಡೀಸೆಲ್ ಮಾಡಿ ಹಾಕುವುದು. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್), ಜೊತೆಗೆ ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸುತ್ತಾರೆ. ಗ್ಲಿಸರಿನ್ ಕೆಳಗೆ ಇಳಿಯುತ್ತದೆ, ಮೇಲೆ ಉಳಿಯುವ ಬಯೋಡೀಸೆಲ್ ಹೆಚ್ಚುಕಮ್ಮಿ ಡೀಸೆಲ್‌ನಷ್ಟೇ ತೆಳು. ಎಣ್ಣೆ ಹಳತಾಗಿ ಹುಳಿ ಏರಿದ್ದರೆ ಮಾತ್ರ ಸಿಗುವುದು ಸಾಬೂನು! ಮೆಥನಾಲ್ ವಿಷ, ಬೆಂಕಿಗೂ ಹತ್ತಿರ. ಮನೆ ಹಿಂದೆ ಮಾಡುವ ಕೆಲಸ ಅಲ್ಲ. ವಯನಾಡಿನ ಪೂಕೋಡ್ ಪಶುವೈದ್ಯ ಕಾಲೇಜಿನವರು ಕೋಳಿ ಅಂಗಡಿಯ ತ್ಯಾಜ್ಯದ ಕೊಬ್ಬಿನಿಂದ ಬಯೋಡೀಸೆಲ್ ಮಾಡಿದರು, 2021ರಲ್ಲಿ ಪೇಟೆಂಟೂ ಸಿಕ್ಕಿತು. ಕೋಳಿ ಕೊಬ್ಬು ಮೀನೆಣ್ಣೆಯಷ್ಟು ಬೇಗ ಒಣಗುವುದಿಲ್ಲ. ಮೀನಿನದ್ದಾದರೆ ಬಯೋಡೀಸೆಲ್ ಮಾಡಿದ ಮೇಲೂ ಬಹಳ ದಿನ ಇಡುವ ಹಾಗಿಲ್ಲ.

ಆ ತೋಟದವರಿಂದ ನಾನು ಕೂಲಿ ತೆಗೆದುಕೊಳ್ಳಲಿಲ್ಲ. ಪ್ಲಂಜರ್ ಸೆಟ್ಟಿನ ದುಡ್ಡು ಅವರೇ ಕೊಟ್ಟರು. ಕ್ಯಾನಿನಲ್ಲಿ ಉಳಿದಿದ್ದ ಎಣ್ಣೆ ಕಡಪ್ಪುರಕ್ಕೆ, ದೋಣಿಗೇ ವಾಪಸ್ ಹೋಯಿತು.