ಚಿಕ್ಕ ಕಾಲೇಜಿನಲ್ಲಿ ಸಾಮಾನ್ಯ ಶಿಕ್ಷಣ ಯಾರ ಹೊಣೆ?

ಪದವಿ ತರಗತಿಗಳ ವೇಳಾಪಟ್ಟಿ ಸಿದ್ಧವಾಗುವಾಗ ಎಲ್ಲಕ್ಕಿಂತ ಕೊನೆಗೆ ಜಾಗ ಸಿಗುವುದು ಪರಿಸರ ಅಧ್ಯಯನ, ಭಾರತದ ಸಂವಿಧಾನ ಮತ್ತು ಓಪನ್ ಎಲೆಕ್ಟಿವ್ (ತಮ್ಮ ವಿಭಾಗದ ಹೊರಗಿನಿಂದ ಆರಿಸಿಕೊಳ್ಳುವ) ಪತ್ರಿಕೆಗಳಿಗೆ. ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸುವ ನಾನು ಇದನ್ನು ವರ್ಷವರ್ಷವೂ ನೋಡುತ್ತಿದ್ದೇನೆ. ಮುಖ್ಯ ವಿಷಯಗಳ ತರಗತಿಗಳೆಲ್ಲ ಹೊಂದಿಕೆಯಾದ ಮೇಲೆ, ವಾರಕ್ಕೆ 16 ಗಂಟೆಗಳ ಕಾರ್ಯಭಾರ ಯಾರಿಗೆ ತುಂಬಿಲ್ಲವೋ ಅವರಿಗೆ, ಅಂಥವರೂ ಸಿಗದಿದ್ದರೆ ಅತಿಥಿ ಉಪನ್ಯಾಸಕರಿಗೆ, ಈ ಪತ್ರಿಕೆಗಳನ್ನು ಹಂಚಲಾಗುತ್ತದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಂಬ ಭೇದವಿಲ್ಲದೆ ಎಲ್ಲ ವಿದ್ಯಾರ್ಥಿಗಳೂ ಓದುವ ಪಾಠ, ಅಂದರೆ ಸಾಮಾನ್ಯ ಶಿಕ್ಷಣ, ಹೀಗೆ ಯಾವ ವಿಭಾಗಕ್ಕೂ ಸೇರದ ಪಾಠವಾಗಿ ಉಳಿದುಬಿಡುತ್ತದೆ. ಚಿಕ್ಕ ಕಾಲೇಜು ಮನಸ್ಸು ಮಾಡಿದರೆ ದೊಡ್ಡ ಕಾಲೇಜಿಗಿಂತ ಚೆನ್ನಾಗಿ ಕಲಿಸಬಹುದಾದದ್ದು ಇದೇ ಪಾಠವನ್ನು ಎಂದು ನಾನು ನಂಬಿದ್ದೇನೆ.

ಎಲ್ಲರಿಗೂ ಸಾಮಾನ್ಯ ಶಿಕ್ಷಣ ಬೇಕೆಂಬ ಆಲೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು 1949ರಲ್ಲಿ ವರದಿ ಒಪ್ಪಿಸಿದಾಗ, ಪದವಿ ವಿದ್ಯಾರ್ಥಿಗೆ ತನ್ನ ವಿಷಯದ ಪರಿಣತಿಯ ಜೊತೆಗೆ ಸಾಮಾನ್ಯ ಶಿಕ್ಷಣವೂ ಬೇಕೆಂದು ವಿಸ್ತಾರವಾಗಿ ವಾದಿಸಿತ್ತು. ಆ ಆಯೋಗದ ಸದಸ್ಯರಲ್ಲಿ ಆರ್ಥರ್ ಮಾರ್ಗನ್ ಎಂಬ ಅಮೆರಿಕದವರೊಬ್ಬರಿದ್ದರು. ಪ್ರವಾಹ ನಿಯಂತ್ರಣದ ಎಂಜಿನಿಯರ್ ಆಗಿ ಹೆಸರು ಮಾಡಿ, ಓಹಿಯೋ ರಾಜ್ಯದ ಆಂಟಿಯೋಕ್ ಎಂಬ ಚಿಕ್ಕ ಕಾಲೇಜಿನ ಮುಖ್ಯಸ್ಥರಾಗಿ ಓದನ್ನೂ ದುಡಿಮೆಯನ್ನೂ ಒಂದೇ ಪಠ್ಯಕ್ರಮದೊಳಗೆ ತಂದು, ಮುಂದೆ ಅಣೆಕಟ್ಟುಗಳನ್ನು ಕಟ್ಟಿದ ಸರ್ಕಾರಿ ಸಂಸ್ಥೆ ಟೆನೆಸಿ ವ್ಯಾಲಿ ಅಥಾರಿಟಿಯ ಮೊದಲ ಅಧ್ಯಕ್ಷರಾಗಿದ್ದವರು ಅವರು. ವರದಿಯಲ್ಲಿ ಗ್ರಾಮೀಣ ವಿಶ್ವವಿದ್ಯಾಲಯಗಳನ್ನು ಕುರಿತ ಅಧ್ಯಾಯದ ಹಿಂದೆ ಇದ್ದದ್ದು ಅವರದೇ ಚಿಂತನೆ. ಅಣೆಕಟ್ಟು ಕಟ್ಟಿದ ಕೈ ಹಳ್ಳಿಯ ಮಕ್ಕಳ ಓದಿನ ಬಗ್ಗೆ ಬರೆದದ್ದನ್ನು ನಮ್ಮ ಬಿ.ಇಡಿ. ಟಿಪ್ಪಣಿಗಳು ಎರಡು ಸಾಲಿನಲ್ಲಿ ಮುಗಿಸುವುದು ನನಗೆ ಬೇಸರದ ಸಂಗತಿ.

ನಾಲ್ಕು ವರ್ಷದ ಪದವಿಯ ಆಯ್ಕೆಯಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಪದವಿ ಹಂತಕ್ಕೆ ತಂದಿತು. ರಾಜ್ಯ ಶಿಕ್ಷಣ ನೀತಿಗಾಗಿ ನೇಮಿಸಿದ ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಈ ಬದಲಾವಣೆಗಳಲ್ಲಿ ಕ್ರೆಡಿಟ್ ಎಷ್ಟು, ಪತ್ರಿಕೆ ಎಷ್ಟು, ಯಾವ ವಿಭಾಗದ ಕಾರ್ಯಭಾರ ಎಷ್ಟು ಕುಸಿಯಿತು ಎಂಬ ಚರ್ಚೆ ನಮ್ಮ ಸ್ಟಾಫ್ ರೂಮಿನಲ್ಲಿ ತಿಂಗಳುಗಟ್ಟಲೆ ನಡೆದಿದೆ. ಸಾಮಾನ್ಯ ಶಿಕ್ಷಣದಿಂದ ಹುಡುಗ ಹುಡುಗಿಯರಿಗೆ ಏನು ದಕ್ಕಬೇಕು ಎಂಬ ಚರ್ಚೆ ನಡೆದದ್ದನ್ನು ನಾನು ಕೇಳಿಲ್ಲ.

ಗುರಿಗಳೇನೋ ಬರಹದಲ್ಲಿವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕೆ ಮುನ್ನ ಪ್ರತಿ ಕಾಲೇಜಿನ ಗೋಡೆಯ ಮೇಲೂ ವಿಮರ್ಶಾತ್ಮಕ ಚಿಂತನೆ, ಸಾಮಾಜಿಕ ಹೊಣೆಗಾರಿಕೆ, ಜೀವನಪರ್ಯಂತ ಕಲಿಕೆ ಎಂಬ ಮಾತುಗಳು ಹೊಸ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಅವು ಒಳ್ಳೆಯ ಮಾತುಗಳೇ. ಆದರೆ ಒಬ್ಬ ವಿದ್ಯಾರ್ಥಿ ಆ ಗುರಿಯನ್ನು ಮುಟ್ಟಿದನೋ ಇಲ್ಲವೋ ಎಂದು ತಿಳಿಯುವ ದಾರಿ ಅವುಗಳಲ್ಲಿಲ್ಲ. ಇನ್ನೊಂದೆಡೆ, ಸಾಮಾನ್ಯ ಅಧ್ಯಯನವೆಂದರೆ ಕೆಎಎಸ್, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳಿಗೆ ನಾಲ್ಕು ಆಯ್ಕೆಗಳ ಪ್ರಶ್ನೆಗಳನ್ನು ಬಾಯಿಪಾಠ ಮಾಡುವುದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ನೌಕರಿಯ ಆಸೆ ನ್ಯಾಯವಾದದ್ದು, ಅದಕ್ಕೆ ನೆರವಾಗುವುದು ನಮ್ಮ ಕರ್ತವ್ಯವೂ ಹೌದು. ಆದರೂ ರಾಜ್ಯಪಾಲರ ಅಧಿಕಾರಗಳನ್ನು ಸಂಖ್ಯೆ ಸಮೇತ ಹೇಳಬಲ್ಲ ಹುಡುಗನಿಗೆ ತನ್ನ ಗ್ರಾಮ ಪಂಚಾಯಿತಿಯು ವರ್ಷದ ಲೆಕ್ಕಪತ್ರವನ್ನು ಜನರ ಮುಂದಿಡುವ ಜಮಾಬಂದಿ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಲು ಬಾರದಿದ್ದರೆ, ಆ ಓದಿನಲ್ಲಿ ಮುಖ್ಯವಾದದ್ದೇನೋ ಬಿಟ್ಟುಹೋಗಿದೆ.

ಪರಿಸರ ಅಧ್ಯಯನದ ಪತ್ರಿಕೆಯನ್ನೇ ನೋಡೋಣ. ಪರಿಸರ ಮೊಕದ್ದಮೆಗಳ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರಲ್ಲಿ ನೀಡಿದ ನಿರ್ದೇಶನವೇ ಇದರ ಮೂಲ. ಮುಂದೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಎಲ್ಲ ಪದವಿಗಳಿಗೂ ಅನ್ವಯಿಸುವಂತೆ ರೂಪಿಸಿದ ಆರು ತಿಂಗಳ ಪಠ್ಯಕ್ರಮದಲ್ಲಿ ಕೊನೆಯ ಘಟಕ ಕ್ಷೇತ್ರಕಾರ್ಯವಾಗಿತ್ತು. ಹತ್ತಿರದ ನದಿ, ಕಾಡು, ಗುಡ್ಡ ಅಥವಾ ಮಲಿನಗೊಂಡ ಸ್ಥಳಕ್ಕೆ ಹೋಗಿ ನೋಡಿ ದಾಖಲಿಸಬೇಕೆಂದು ಹೇಳಿ, 100 ಅಂಕಗಳಲ್ಲಿ 25ನ್ನು ಅದಕ್ಕೇ ಮೀಸಲಿಟ್ಟಿದ್ದರು. ಬಹುಪಾಲು ಕಡೆ ಆ 25 ಅಂಕಗಳು ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ರಾಜೆಕ್ಟ್ ಪುಸ್ತಕಕ್ಕೆ ಸಂದವು.

ನಮ್ಮ ಕಾಲೇಜಿನ ಹಿಂಬದಿಯಲ್ಲಿ ಒಂದು ಕೆರೆಯಿದೆ. ಕೆಲವು ಸಹೋದ್ಯೋಗಿಗಳು ಒಪ್ಪಿದ್ದರಿಂದ ಒಂದು ಸೆಮಿಸ್ಟರಿನ ಕ್ಷೇತ್ರಕಾರ್ಯವನ್ನು ಅದರ ಸುತ್ತಲೇ ನಡೆಸಿದೆವು. ಇತಿಹಾಸದ ಮೇಡಂ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ತಾಲ್ಲೂಕಿನ ಭಾಗವನ್ನು ತೆರೆದು, ಕೆರೆ ಕಟ್ಟಿಸಿದ್ದಕ್ಕೂ ಹೂಳು ತೆಗೆಸಿದ್ದಕ್ಕೂ ಭೂಮಿ ಬಿಟ್ಟುಕೊಟ್ಟ ಶಾಸನಗಳನ್ನು ಓದಿಸಿದರು. ರಸಾಯನಶಾಸ್ತ್ರದವರು ಅಚ್ಚುಕಟ್ಟಿನ ಕೊಳವೆಬಾವಿಗಳ ನೀರು ತರಿಸಿ ಫ್ಲೋರೈಡ್ ಪರೀಕ್ಷೆ ಮಾಡಿಸಿ, ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಮೂಳೆಗಳಿಗೆ ಏನಾಗುತ್ತದೆ ಎಂದು ವಿವರಿಸಿದರು. ಪಹಣಿಯಲ್ಲಿ ಸರ್ಕಾರಿ ಕೆರೆ ಎಂದು ನಮೂದಾದ ಎಕರೆ ಗುಂಟೆಗಳನ್ನು ಹಿಡಿದುಕೊಂಡು ವಿದ್ಯಾರ್ಥಿಗಳು ಅಂಗಳದ ಸುತ್ತ ನಡೆದು, ಎಲ್ಲಿಂದ ಬಳ್ಳಾರಿ ಜಾಲಿ ಶುರುವಾಗುತ್ತದೆ, ಎಲ್ಲಿಂದ ಉಳುಮೆ ಶುರುವಾಗುತ್ತದೆ ಎಂದು ಗುರುತು ಹಾಕಿಕೊಂಡರು.

ಏರಿಯ ಮೇಲೆ, ತೂಬಿನಿಂದ ಸ್ವಲ್ಪ ದೂರದಲ್ಲಿ, ಹೂಳೆತ್ತಿದ ನರೇಗಾ ಕಾಮಗಾರಿಯ ನಾಮಫಲಕವಿತ್ತು. ಅಂದಾಜು ಮೊತ್ತ, ಕೂಲಿ ವೆಚ್ಚ, ಸಾಮಗ್ರಿ ವೆಚ್ಚ, ಮಾನವ ದಿನಗಳು ಎಂಬ ಸಾಲುಗಳಿದ್ದವು, ಬಣ್ಣ ಅರ್ಧ ಉದುರಿತ್ತು. ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳು ಅದರೆದುರು ನಿಂತು ಕೂಲಿ ವೆಚ್ಚವನ್ನು ಮಾನವ ದಿನಗಳಿಂದ ಭಾಗಿಸಿ ದಿನಗೂಲಿಯನ್ನು ತೆಗೆದಳು, ಆಮೇಲೆ ಕೂಲಿ ಮತ್ತು ಸಾಮಗ್ರಿಯ ಅನುಪಾತವನ್ನೂ ಲೆಕ್ಕ ಹಾಕಿದಳು. ಕೂಲಿಗೆ ಕನಿಷ್ಠ ಶೇ. 60, ಸಾಮಗ್ರಿಗೆ ಗರಿಷ್ಠ ಶೇ. 40 ಎಂಬ ನಿಯಮವನ್ನು ನಾನು ತರಗತಿಯಲ್ಲಿ ಹೇಳಿದ್ದೆ, ಆಗ ಯಾರೂ ತಲೆ ಎತ್ತಿರಲಿಲ್ಲ. "ಸರ್, ಇಷ್ಟು ಜನ ಇಲ್ಲಿ ಕೆಲಸ ಮಾಡಿದ್ದರೆ ನಮ್ಮೂರಿನವರೂ ಇರಲೇಬೇಕು, ನಾನು ಕೇಳಿಕೊಂಡು ಬರುತ್ತೇನೆ" ಎಂದಳು, ಮರುವಾರ ಕೇಳಿಕೊಂಡೂ ಬಂದಳು. ಅವಳ ಅಜ್ಜಿಯ ತಂಗಿಯೇ ಅಲ್ಲಿ ಬುಟ್ಟಿ ಹೊತ್ತಿದ್ದರು. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು ಎಂಬುದು ತಿಳಿದಾಗ ತರಗತಿಗೆ ಸ್ವಲ್ಪ ನಿರಾಶೆಯಾಯಿತು. ಸರ್ಕಾರದ ಲೆಕ್ಕವನ್ನು ಪರೀಕ್ಷಿಸಿ ಸರಿಯೆಂದು ಒಪ್ಪುವುದೂ ನಾಗರಿಕನ ಕೆಲಸವೇ ಎಂದು ಅಂದು ಬಹಳ ಹೊತ್ತು ಮಾತಾಡಿದೆವು.

ಸಂವಿಧಾನದ ಪತ್ರಿಕೆಗೂ ಭಾಷಾ ಪಾಠಕ್ಕೂ ನಂಟು ಬೆಸೆದದ್ದು ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಈ ಮಿತಿಯನ್ನು ಹಲವರು ಟೀಕಿಸಿದ್ದಾರೆ, ಆ ಟೀಕೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಬರವಣಿಗೆಯ ಅಭ್ಯಾಸವಾಗಿ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಯಾವ ಇಲಾಖೆ, ಯಾವ ವರ್ಷ, ಯಾವ ಕಡತ ಎಂಬುದು ಖಚಿತವಾಗದೆ 150 ಪದಗಳಲ್ಲಿ ಏನನ್ನೂ ಕೇಳಲಾಗದು. ಮೊದಲ ಕರಡುಗಳಲ್ಲಿ "ಮಾನ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂಬುದೇ ಅರ್ಧ ಹಾಳೆ ತಿಂದಿತ್ತು. ಕನ್ನಡ ಅಧ್ಯಾಪಕರು ಕೆಂಪು ಪೆನ್ನು ಹಿಡಿದು ಕೂತ ಮೇಲೆ ನಾಲ್ಕನೆಯ ಕರಡಿನ ಹೊತ್ತಿಗೆ ವಾಕ್ಯಗಳು ನೆಟ್ಟಗಾದವು.

ದೊಡ್ಡ ಕಾಲೇಜಿನಲ್ಲಿ ಈ ನಾಲ್ಕು ವಿಭಾಗಗಳ ಅಧ್ಯಾಪಕರು ಒಂದು ಮೇಜಿನ ಸುತ್ತ ಕೂರಲು ಸುತ್ತೋಲೆ ಬೇಕಾಗುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಅದು ತಾನಾಗಿ ನಡೆಯುತ್ತದೆ. ಸುಮಾರು 300 ವಿದ್ಯಾರ್ಥಿಗಳಿರುವ ಕಡೆ ಪ್ರತಿಯೊಬ್ಬರ ಊರೂ ನಮಗೆ ಗೊತ್ತಿರುತ್ತದೆ. ನನ್ನ ಮಟ್ಟಿಗೆ ಗುರಿಗಳು ಮೂರು ಸಾಲಿನಲ್ಲಿ ಮುಗಿಯಬೇಕು. ಒಂದು ಸರ್ಕಾರಿ ಆದೇಶವನ್ನು ಓದಿ ಅದರ ಸಾರವನ್ನು ಮನೆಯವರಿಗೆ ಹೇಳಬಲ್ಲರೇ, ದಿನಪತ್ರಿಕೆಯಲ್ಲಿ ಕಂಡ ಅಂಕಿಯ ಹಿಂದಿನ ಲೆಕ್ಕವನ್ನು ಕೇಳಬಲ್ಲರೇ, ತಮಗೆ ಬೇಕಾದದ್ದನ್ನು ಒಂದು ಪುಟದಲ್ಲಿ ಬರೆಯಬಲ್ಲರೇ ಎಂಬುದಷ್ಟನ್ನು ಮೂರು ವರ್ಷಗಳ ಕೊನೆಗೆ ಪ್ರತಿ ವಿದ್ಯಾರ್ಥಿಯನ್ನೂ ಎದುರಿಗೆ ಕೂರಿಸಿಕೊಂಡು ನೋಡಬಹುದು.

ತೊಡಕುಗಳಿವೆ. ಕೆರೆಯಂಗಳದಲ್ಲಿ ಕಳೆದ ಗಂಟೆಗಳು ಕಾರ್ಯಭಾರದ ಲೆಕ್ಕಕ್ಕೆ ಸೇರುವುದಿಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಹೆಣ್ಣುಮಕ್ಕಳು ಊರು ಸೇರುವುದು ಕಷ್ಟ. ಎಲ್ಲಕ್ಕಿಂತ ದೊಡ್ಡದು, ಉತ್ಸಾಹದಿಂದ ದುಡಿದ ಅತಿಥಿ ಉಪನ್ಯಾಸಕರು ಮುಂದಿನ ವರ್ಷದ ಕೌನ್ಸೆಲಿಂಗಿನಲ್ಲಿ ಬೇರೆ ಕಾಲೇಜಿಗೆ ಹೋಗಿಬಿಡಬಹುದು, ಆಗ ಕಟ್ಟಿದ್ದೆಲ್ಲ ಮತ್ತೆ ಮೊದಲಿನಿಂದ. ಹಾಗಾಗಿ ಬರುವ ಸೆಮಿಸ್ಟರಿಗೆ ಪ್ರಾಂಶುಪಾಲರಲ್ಲಿ ನಾವು ಕೇಳಿರುವುದು ಎರಡೇ ವಿಷಯ. ವೇಳಾಪಟ್ಟಿಯಲ್ಲಿ ಈ ಪತ್ರಿಕೆಗಳಿಗೆ ಮೊದಲು ಜಾಗ ಕೊಟ್ಟು, ಶನಿವಾರದ ಬೆಳಗಿನ ಎರಡು ಗಂಟೆಗಳನ್ನು ಎಲ್ಲ ಪದವಿಗಳಿಗೂ ಒಟ್ಟಾಗಿ ಕಾಯ್ದಿರಿಸಬೇಕು. ಮತ್ತು ಇದರ ಜವಾಬ್ದಾರಿ ಖಾಯಂ ಅಧ್ಯಾಪಕರೊಬ್ಬರ ಹೆಸರಿನಲ್ಲಿ ಇರಬೇಕು. ಆ ಹೆಸರು ನನ್ನದಾಗಲಿ ಎಂದು ಪತ್ರದಲ್ಲಿ ಬರೆದು ಕೊಟ್ಟಿದ್ದೇನೆ.