ಬೆಳಗಿನ ಸುಳ್ಳು ಬೊಬ್ಬೆ

ಉಡುಪಿ ಮನೆಯ ಹಳೇ ಕಂಪ್ಯೂಟರ್ ಆನ್ ಮಾಡಿದರೆ ಸಾಕು, ‘ಫೈರ್‌ವಾಲ್ ಆಫ್ ಆಗಿದೆ’ ಅಂತ ಎಚ್ಚರಿಕೆ. ಅಂದರೆ ಇಂಟರ್ನೆಟ್‌ನಿಂದ ಯಾರೂ ನುಗ್ಗದಂತೆ ತಡೆಯುವ ಕಾವಲು ಇಲ್ಲ ಅಂತ. ತೆರೆದು ನೋಡಿದರೆ ಆನ್ ಇದೆ! ‘ಯಾರೋ ಒಳಗೆ ನುಗ್ಗಿದ್ದಾರೆ ಮಾರಾಯ, ವಯರ್ ತೆಗಿ’ ಅಂದರು ಅಮ್ಮ. ಸ್ಕ್ಯಾನ್ ಮಾಡಿದೆ, ಏನೂ ಇಲ್ಲ.

ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಫೈರ್‌ವಾಲ್ ಕೆಲಸ ನೋಡಿಕೊಳ್ಳುವುದು ಆಂಟಿವೈರಸ್. ಅದು ಏಳುವುದು ನಿಧಾನ. ಅಷ್ಟರಲ್ಲಿ ಕಾವಲೆಲ್ಲ ಸರಿ ಇದೆಯಾ ಅಂತ ನೋಡುವ ವಿಂಡೋಸ್‌ನ ಸೆಕ್ಯೂರಿಟಿ ಸೆಂಟರ್ ಹಾಜರಿ ಕರೆದು, ಉತ್ತರ ಸಿಗದೆ ಬೊಬ್ಬೆ ಹೊಡೆಯುತ್ತದೆ. ಆಂಟಿವೈರಸ್ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ಜೊತೆಗೇ ತಾವಾಗಿ ಏಳುವ, ಬೇಡದ ಏಳೆಂಟು ಪ್ರೋಗ್ರಾಂ ನಿಲ್ಲಿಸಿದೆ. ಈಗ ಬೊಬ್ಬೆ ಅಪರೂಪ.

ಎಚ್ಚರಿಕೆಯನ್ನೇ ಆಫ್ ಮಾಡಬಹುದಿತ್ತು, ಮನಸ್ಸಾಗಲಿಲ್ಲ. ಮಳೆಗಾಲದ ರಾತ್ರಿ ಸುಮ್ನೆ ಬೊಗಳುವ ನಮ್ಮ ನಾಯಿಯ ಬಾಯಿ ಕಟ್ಟುತ್ತೇವಾ? ಅಮ್ಮ ಮಾತ್ರ ದಿನಾ ಕೇಳುತ್ತಾರೆ, ‘ಇವತ್ತು ಬಂತಾ?’